ಇಲಿಗೆ ಹುಚ್ಚಿಲ್ಲ ಎಂದ ಮೇಡಂ

ಅವರ ಕೈಯಲ್ಲಿ ಬಳೆ ಇರಲಿಲ್ಲ. ಮುಂಗೈಯಿಂದ ಮೊಣಕೈವರೆಗೆ ಸಣ್ಣ ಸಣ್ಣ ಬಿಳಿ ಗೆರೆಗಳಿದ್ದವು, ಇಲಿಗಳು ಪರಚಿದ ಗಾಯ ಮಾಗಿ ಉಳಿದ ಗುರುತು. ಬಲಗೈ ತೋರುಬೆರಳಿನ ಉಗುರು ನಡುವೆ ಸೀಳಿ ಹಾಗೇ ಬೆಳೆದಿತ್ತು. ತಲೆಗೆ ಹೂವಿಲ್ಲ, ಎಣ್ಣೆಯಿಲ್ಲ, ಮುಖಕ್ಕೆ ಪೌಡರಿಲ್ಲ. ಬೆಟಗೇರಿಯ ಸೀರೆ ಅಂಗಡಿಯವರ ಹೆಂಡತಿ ಇವರು. ಮನೆ ತುಂಬ ಹೊಸ ಸೀರೆ ಇಟ್ಟುಕೊಂಡು, ಒಗೆದು ಒಗೆದು ಬಣ್ಣ ಬಿಟ್ಟ ಅವೇ ಹತ್ತಿ ಸೀರೆಗಳನ್ನು ಉಟ್ಟು ಕಾಲೇಜಿಗೆ ಬರುತ್ತಿದ್ದರು. ಹೊಸ ಬಟ್ಟೆಯ ಗಂಜಿ ವಾಸನೆ ಇಲಿಗಳಿಗೆ ಆಗುವುದಿಲ್ಲವಂತೆ.

ಗದಗಿನ ಔಷಧ ವಿಜ್ಞಾನದ ಕಾಲೇಜೊಂದರಲ್ಲಿ ಅವರು ಪ್ರಾಧ್ಯಾಪಕಿ. ನಾನು ಅಲ್ಲಿ ಎಂ.ಫಾರ್ಮ್ ಓದುತ್ತಿದ್ದೆ, ಅವರು ನನ್ನ ಗೈಡ್. ಕಾಲೇಜಿನ ಹಿಂದೆ ಎರಡು ಕೋಣೆಯ ಪ್ರಾಣಿಶಾಲೆ ಇತ್ತು, ಅದರಲ್ಲಿ ಬಿಳಿ ಇಲಿಗಳು. ಅವರು ಕ್ಲಾಸಿನಲ್ಲಿ ಇರುವುದಕ್ಕಿಂತ ಹೆಚ್ಚು ಹೊತ್ತು ಅಲ್ಲಿರುತ್ತಿದ್ದರು. ಹುಡುಗರು ಬೆನ್ನ ಹಿಂದೆ ‘ಇಲಿ ಮೇಡಂ’ ಎನ್ನುತ್ತಿದ್ದರು. ಅದು ಅವರಿಗೆ ಗೊತ್ತಿತ್ತು, ಕ್ಯಾರೇ ಅನ್ನುತ್ತಿರಲಿಲ್ಲ.

ಬಳೆ ಇಲ್ಲದ ಕೈ ನೋಡಿ ನಮ್ಮ ಕಡೆ ಮಂದಿ ಏನೆಂದುಕೊಳ್ಳುತ್ತಾರೆ ಎಂದು ನಾನು ಹೇಳಬೇಕಾಗಿಲ್ಲ. ಒಂದು ಶ್ರಾವಣದಲ್ಲಿ ಕಾಲೇಜಿನ ಗುಮಾಸ್ತರ ಮನೆಗೆ ಅರಿಷಿಣ ಕುಂಕುಮಕ್ಕೆ ಹೋಗಿದ್ದೆವು. ಆ ಮನೆಯ ಅತ್ತೆ ಎಲ್ಲರಿಗೂ ಕುಂಕುಮ ಹಚ್ಚುತ್ತ ಬಂದವರು ಮೇಡಂ ಮುಂದೆ ಬಂದು, ಕೈ ನೋಡಿ, ತಟ್ಟೆ ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟರು. ನನಗೆ ನೆಲದೊಳಗೆ ಹೋದರೆ ಸಾಕು ಅನಿಸಿತು. ಮೇಡಂ ನಕ್ಕು, ‘ಹಚ್ರಿ ಅಮ್ಮಾರ. ಗಂಡ ಅಂಗಡ್ಯಾಗ ಕುಂತಾನ, ಗಟ್ಟಿಮುಟ್ಟ ಅದಾನ. ಬಳಿ ತಗದದ್ದು ಇಲಿ ಸಲುವಾಗಿ,’ ಎಂದು ಹಣೆ ಮುಂದೆ ಮಾಡಿದರು. ಆ ಮುದುಕಿಗೆ ಇಲಿಗೂ ಬಳೆಗೂ ಏನು ಸಂಬಂಧ ತಿಳಿಯಲಿಲ್ಲ, ಕುಂಕುಮವನ್ನಂತೂ ಹಚ್ಚಿದರು. ಹೊರಗೆ ಬಂದ ಮೇಲೆ ನಾನು ಸಿಟ್ಟಿನಲ್ಲಿ ಏನೇನೋ ಅಂದೆ. ಅವರು ಮಾತ್ರ ಹೋಳಿಗೆ ಚೆನ್ನಾಗಿತ್ತು ಎಂದರು.

ಇಲಿಯನ್ನು ಬಾಲ ಹಿಡಿದು ಎತ್ತುವುದು ಎಲ್ಲ ಕಡೆಯ ರೂಢಿ. ಇವರಲ್ಲಿ ನಡೆಯುತ್ತಿರಲಿಲ್ಲ. ಎರಡೂ ಅಂಗೈ ಬೊಗಸೆ ಮಾಡಿ ಪಂಜರದೊಳಗೆ ಇಟ್ಟು, ಇಲಿ ತಾನಾಗಿ ಏರುವವರೆಗೆ ಕಾಯಬೇಕು. ಮೊದಮೊದಲು ನನಗೆ ಸಿಟ್ಟೇ ಬರುತ್ತಿತ್ತು. ಇಷ್ಟು ಇಲಿಗಳಿಗೆ ಹೀಗೆ ಬೇಡಿಕೊಳ್ಳುತ್ತ ಕೂತರೆ ಪ್ರಯೋಗ ಮುಗಿಯುವುದು ಯಾವಾಗ? ಒಮ್ಮೆ ನನ್ನ ಕ್ಲಾಸಿನ ಹುಡುಗನೊಬ್ಬ ಬಾಲ ಹಿಡಿದು ಇಲಿಯನ್ನು ತೂಗುತ್ತ ಹುಡುಗಿಯರನ್ನು ಹೆದರಿಸುತ್ತಿದ್ದ. ಮೇಡಂ ಹಿಂದಿನಿಂದ ಬಂದು ಅವನ ಅಂಗಿಯ ಕಾಲರ್ ಹಿಡಿದು ತುದಿಗಾಲ ಮೇಲೆ ನಿಲ್ಲುವಷ್ಟು ಎತ್ತಿ, ಹಾಗೇ ಹಿಡಿದುಕೊಂಡು, ಈಗ ಪಕ್ಕದಲ್ಲಿದ್ದವರ ಜೊತೆ ನಗುತ್ತ ಮಾತಾಡು ನೋಡೋಣ ಎಂದರು. ಅವನಿಂದ ಮಾತು ಹೊರಡಲಿಲ್ಲ. ಹೆದರಿದ ಪ್ರಾಣಿ ಇನ್ನೊಂದು ಪ್ರಾಣಿಯ ಹತ್ತಿರ ಹೋಗುವುದಿಲ್ಲ, ಅದನ್ನು ಹೆದರಿಸಿ ಆಮೇಲೆ ಅದಕ್ಕೆ ಯಾರೂ ಬೇಡ ಎಂದು ಬರೆದರೆ ಅದು ವಿಜ್ಞಾನ ಅಲ್ಲ ಎಂದು ನಮಗೆಲ್ಲ ಕೇಳುವಂತೆ ಹೇಳಿ ಅವನನ್ನು ಬಿಟ್ಟರು.

ರಜೆಯ ದಿನವೂ ಅವರಿಗೆ ಇದೇ ಚಟ. ಗಂಡನನ್ನು ಕರೆದುಕೊಂಡು ಬಿಂಕದಕಟ್ಟಿಯ ಪ್ರಾಣಿಸಂಗ್ರಹಾಲಯಕ್ಕೆ ಹೋಗಿ ಒಂದೇ ಪಂಜರದ ಮುಂದೆ ನಿಲ್ಲುವರು, ಯಾವ ಮಂಗ ಯಾವುದರ ಪಕ್ಕ ಕೂರುತ್ತದೆ, ಯಾವುದು ಎದ್ದು ಹೋಗುತ್ತದೆ ಎಂದು. ಪಾಪ, ಆ ಮನುಷ್ಯ ಶೇಂಗಾ ತಿಂದು ಮುಗಿಸಿ, ಸಿಪ್ಪೆ ಎಸೆದು ಬಂದು, ಮತ್ತೆ ಶೇಂಗಾ ತರುತ್ತಿದ್ದರು.

ನಮ್ಮ ಕೆಲಸ ಏನೆಂದು ಹೇಳಿಬಿಡುತ್ತೇನೆ. ಮೂರು ಕೋಣೆಯ ಒಂದು ಪೆಟ್ಟಿಗೆ. ನಡುವಿನ ಕೋಣೆಯಲ್ಲಿ ಇಲಿಯನ್ನು ಬಿಡುವುದು. ಒಂದು ಬದಿಯ ಕೋಣೆಯಲ್ಲಿ ತಂತಿಯ ಬುಟ್ಟಿಯೊಳಗೆ ಅಪರಿಚಿತ ಇಲಿ, ಇನ್ನೊಂದು ಬದಿಯಲ್ಲಿ ಬರಿಯ ಬುಟ್ಟಿ. ಆರೋಗ್ಯದ ಇಲಿ ಅಪರಿಚಿತನ ಹತ್ತಿರ ಹೋಗಿ ಮೂಸಿ ನೋಡುತ್ತದೆ, ಪರಿಚಯ ಮಾಡಿಕೊಳ್ಳುತ್ತದೆ. ಒಂದು ಔಷಧವನ್ನು ದಿನಾ ಚುಚ್ಚಿದರೆ ಇಲಿ ಮಂಕಾಗಿ ಮೂಲೆ ಸೇರುತ್ತದೆ, ಇನ್ನೊಂದರ ಗೊಡವೆಗೆ ಹೋಗುವುದಿಲ್ಲ. ಸ್ಕಿಜೋಫ್ರೇನಿಯಾ ಎಂಬ ಮನೋರೋಗದಲ್ಲಿ ಮನುಷ್ಯರು ಹೀಗೆ ಮಂದಿಯಿಂದ ದೂರ ಸರಿಯುತ್ತಾರಲ್ಲ, ಅದಕ್ಕೆ ಇದನ್ನು ಒಂದು ಮಾದರಿ ಎನ್ನುತ್ತಾರೆ. ಅಂಥ ಇಲಿಗಳಿಗೆ ನಮ್ಮ ಕಪ್ಪತಗುಡ್ಡದ ಒಂದು ಬೇರಿನ ಸಾರ ಕೊಟ್ಟರೆ ಅವು ಮತ್ತೆ ಬೆರೆಯುತ್ತವೆಯೇ? ಇದು ನನ್ನ ಥೀಸಿಸ್.

ಈ ವಿಷಯ ನಾನು ಹಿಡಿದದ್ದು ನಮ್ಮ ಕಾಕಾನ ಸಲುವಾಗಿ. ಶಿರಹಟ್ಟಿ ಹತ್ತಿರ ನಮ್ಮ ಊರು. ಅಪ್ಪನ ತಮ್ಮ ಈತ, ಶಿರಹಟ್ಟಿಗೂ ಲಕ್ಷ್ಮೇಶ್ವರಕ್ಕೂ ಟಂಟಂ ಓಡಿಸುತ್ತಿದ್ದ. ಅವನ ಗಾಡಿ ಹತ್ತಿದವರು ನಕ್ಕು ನಕ್ಕು ಇಳಿಯುತ್ತಿದ್ದರು, ಅಷ್ಟು ಮಾತು. ಒಂದು ದಿನ ಹಿಂದೆ ಕೂತವರೆಲ್ಲ ತನ್ನ ಬಗ್ಗೆ ಪಿಸುಗುಡುತ್ತಿದ್ದಾರೆಂದು ಗಾಡಿಯನ್ನು ದಾರಿಯಲ್ಲೇ ಬಿಟ್ಟು ನಡೆದು ಮನೆಗೆ ಬಂದ. ಅಂದಿನಿಂದ ದನದ ಕೊಟ್ಟಿಗೆಯ ಹಿಂದೆಯೇ ಅವನ ವಾಸ. ಬೀಗರು ಬಂದು ಕೇಳಿದರೆ ಹೊಲಕ್ಕೆ ಹೋಗ್ಯಾನ ಎನ್ನುವುದು ನಮ್ಮ ಮನೆಯ ಪದ್ಧತಿ ಆಗಿಹೋಗಿತ್ತು. ಧಾರವಾಡದ ಡಾಕ್ಟರ ಗುಳಿಗೆ ಶುರುವಾದ ಮೇಲೆ, ನಿಧಾನಕ್ಕೆ, ಚಹಾದ ಅಂಗಡಿಯ ಕಟ್ಟೆಯ ತನಕ ಬಂದಿದ್ದ. ಯಾರ ಜೊತೆಗೂ ಮಾತಿಲ್ಲ, ಆದರೆ ಮಂದಿಯ ನಡುವೆ ಕೂರುತ್ತಿದ್ದ. ನಮಗೆ ಅದೇ ದೊಡ್ಡದಾಗಿತ್ತು.

ಮೊದಲ ದಿನವೇ ನಾನು ಕಾಕಾನ ವಿಷಯ ಹೇಳಿ, ಈ ಇಲಿಗಳನ್ನು ‘ಹುಚ್ಚು ಇಲಿ’ ಎಂದು ಕರೆದು ಮೇಡಂ ಹತ್ತಿರ ಬೈಸಿಕೊಂಡೆ.

‘ಇಲಿಗಿ ಹುಚ್ಚ ಹಿಡದಿಲ್ಲ,’ ಎಂದರು. ‘ಔಷಧ ಕೊಟ್ಟು ಅದರದೊಂದು ನಡತಿ ಬದಲಿ ಮಾಡೀವಿ, ಆ ನಡತಿ ಅಳಿತೀವಿ, ಅಷ್ಟ. ನಿಮ್ಮ ಕಾಕಾನ ಎದಿಯೊಳಗ ಏನ ನಡದೈತಿ ಅನ್ನೂದನ್ನ ಈ ಪೆಟಗಿ ಹೇಳಂಗಿಲ್ಲ.’

ಹಾಗಾದರೆ ಇದನ್ನೆಲ್ಲ ಮಾಡುವುದಾದರೂ ಯಾಕೆ ಎಂದು ಕೇಳಿದೆ. ಮುಖ ಸಣ್ಣದಾಗಿತ್ತು ನನ್ನದು.

‘ಗ್ವಾಡ್ಯಾಗ ಒಂದು ಕಿಂಡಿ ಇದ್ದಂಗ ಇದು. ಕಿಂಡಿಯೊಳಗ ಕಂಡಷ್ಟ ಹೇಳಬೇಕು. ಮನಿ ಪೂರಾ ನೋಡೇನಿ ಅನ್ನಬಾರದು.’

ಪ್ರಯೋಗ ಮುಗಿಯಿತು. ಏನು ಚಂದದ ಫಲಿತಾಂಶ! ಔಷಧ ಮಾತ್ರ ಚುಚ್ಚಿಸಿಕೊಂಡ ಇಲಿಗಳು ಮೂಲೆ ಹಿಡಿದವು, ಬೇರಿನ ಸಾರವನ್ನೂ ಕುಡಿದ ಇಲಿಗಳು ಅಪರಿಚಿತನ ಬುಟ್ಟಿಗೆ ಮೂಗು ಒತ್ತಿ ನಿಂತವು. ನನಗೆ ಕುಣಿಯಬೇಕು ಅನಿಸಿತು. ಪ್ರಾಂಶುಪಾಲರು ಮೀಟಿಂಗಿನಲ್ಲಿ ಕೇಳಿದಾಗ ಮೇಡಂ, ಚೆನ್ನಾಗಿ ಕಾಣುತ್ತದೆ, ಆದರೆ ಇನ್ನೊಮ್ಮೆ ಮಾಡಿ ನೋಡಬೇಕು ಎಂದರು. ಪ್ರಾಂಶುಪಾಲರ ಕಿವಿಗೆ ಮೊದಲರ್ಧ ಮಾತ್ರ ಬಿತ್ತು. ಅವರು ಸಂಸ್ಥೆಯ ಅಧ್ಯಕ್ಷರಿಗೆ ಹೇಳಿದರು, ಅಧ್ಯಕ್ಷರು ಪತ್ರಿಕೆಯವರಿಗೆ ಹೇಳಿದರು. ‘ಮನೋರೋಗಕ್ಕೆ ಕಪ್ಪತಗುಡ್ಡದಲ್ಲೇ ಮದ್ದು’ ಎಂದು ದಪ್ಪ ಅಕ್ಷರದಲ್ಲಿ ಬಂತು, ಬಿಳಿ ಕೋಟು ಹಾಕಿಕೊಂಡ ನನ್ನ ಫೋಟೋ ಸಮೇತ. ನಮ್ಮ ಇಡೀ ಊರು ನೋಡಿತು.

ಮೇಡಂ ಪರೀಕ್ಷೆಯ ಕೆಲಸಕ್ಕೆಂದು ಹುಬ್ಬಳ್ಳಿಗೆ ಹೋಗಿದ್ದವರು ಬಂದು ಪತ್ರಿಕೆ ಓದಿದರು. ಇಲಿಗಳನ್ನೇ ಇನ್ನೊಮ್ಮೆ ನೋಡಬೇಕು ಎಂದು ಪ್ರಾಣಿಶಾಲೆಗೆ ಹೋದರು, ನಾನು ಹಿಂದೆ ಹೋದೆ. ಮೂಲೆ ಹಿಡಿದಿದ್ದ ಗುಂಪಿನ ಪಂಜರ ತೆರೆದು ಬೊಗಸೆ ಮಾಡಿ ಕಾದರು. ಒಂದು ಏರಿತು. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ‘ಇದರ ಮೀಸಿ ಎಲ್ಲಿ?’ ಎಂದರು.

ನೋಡಿದರೆ ಖರೆ, ಮೀಸೆಯೇ ಇಲ್ಲ. ಮೂತಿ ನುಣ್ಣಗೆ. ಇನ್ನೊಂದನ್ನು ಎತ್ತಿದರು, ಅದಕ್ಕೂ ಇಲ್ಲ. ಆ ಪಂಜರದಲ್ಲಿ ಒಂದೇ ಒಂದು ಡುಮ್ಮ ಇಲಿಗೆ ಮಾತ್ರ ಪೂರಾ ಮೀಸೆ ಇತ್ತು. ಇಲಿ ಸಾಕಿದವರಿಗೆ ಇದು ಹೊಸದಲ್ಲ. ಕೆಲವು ಪಂಜರಗಳಲ್ಲಿ ಒಂದು ಪುಂಡ ಇಲಿ ಹುಟ್ಟಿಕೊಂಡು ಉಳಿದವುಗಳ ಮೀಸೆಯನ್ನೆಲ್ಲ ಕಡಿದು ಹಾಕುತ್ತದೆ. ಇಲಿಗೆ ಮೀಸೆ ಅಂದರೆ ನಮಗೆ ಬೆರಳು ಇದ್ದ ಹಾಗೆ, ಎದುರು ಇರುವುದೇನೆಂದು ಅದು ತಡವಿ ತಿಳಿಯುವುದು ಮೀಸೆಯಿಂದ. ನಮ್ಮಲ್ಲಿ ಪಂಜರಗಳು ಕಡಿಮೆ. ಅದಕ್ಕೆ ಒಂದೊಂದು ಗುಂಪನ್ನು ಒಂದೊಂದು ಪಂಜರಕ್ಕೆ ಹಾಕಿಬಿಟ್ಟಿದ್ದೆವು, ನಮ್ಮಂಥ ಕಾಲೇಜುಗಳಲ್ಲಿ ಎಲ್ಲರೂ ಮಾಡುವಂತೆ. ಆ ಪುಂಡ ಇಲಿ ಸಿಕ್ಕಿದ್ದು ಬೇರು ಕುಡಿಯದ ಗುಂಪಿಗೇ. ಅವು ಅಪರಿಚಿತನ ಹತ್ತಿರ ಹೋಗದಿದ್ದದ್ದು ಔಷಧದಿಂದಲೋ, ಮೀಸೆ ಇಲ್ಲದ್ದರಿಂದಲೋ, ಕಡಿಸಿಕೊಂಡು ಕಡಿಸಿಕೊಂಡು ಇಲಿಗಳೆಂದರೇ ಬೇಸತ್ತೋ, ದೇವರಿಗೇ ಗೊತ್ತು. ಬೇರಿನ ಮಹಿಮೆ ಅಲ್ಲಿಗೆ ಮುಗಿದಿತ್ತು.

‘ಪಂಜರ ಹಂಚಿದಾಕಿ ನಾನು. ತಪ್ಪು ನಂದು,’ ಎಂದು ಇಲಿಯನ್ನು ಒಳಗೆ ಬಿಟ್ಟು, ಕೈ ತೊಳೆದುಕೊಂಡು ನೇರ ಪ್ರಾಂಶುಪಾಲರ ಕೋಣೆಗೆ ನಡೆದರು.

ಅಲ್ಲಿ ಆದ ಮಾತು ಕಾರಿಡಾರಿನ ತನಕ ಕೇಳುತ್ತಿತ್ತು. ಪ್ರಾಂಶುಪಾಲರು ಕೆಟ್ಟವರಲ್ಲ, ಅಂಜುಬುರುಕರು. ಅಧ್ಯಕ್ಷರಿಗೆ ಏನು ಹೇಳುವುದು, ಕಾಲೇಜಿನ ಮರ್ಯಾದೆ ಏನಾಗಬೇಕು, ಹೇಗೂ ಗುಡ್ಡದ ಬೇರು, ಅದರಿಂದ ಯಾರಿಗೇನು ತ್ರಾಸು, ನಾಲ್ಕು ದಿನಕ್ಕೆ ಮಂದಿ ಮರೆಯುತ್ತಾರೆ, ಸುಮ್ಮನಿದ್ದುಬಿಡಿ ಎಂದರು. ಮೇಡಂ ಪತ್ರಿಕೆಯವರಿಗೆ ಫೋನ್ ಮಾಡಿದರು. ಮದ್ದು ಸಿಕ್ಕರೆ ಸುದ್ದಿ, ಸಿಗದಿದ್ದರೆ ಏನು ಸುದ್ದಿ ಮೇಡಂ ಎಂದು ಅವರು ನಕ್ಕರು.

ಯಾರಿಗೆ ತ್ರಾಸು ಎಂಬುದು ಆ ವಾರವೇ ತಿಳಿಯಿತು. ಕಾಕಾ ಕಾಣೆಯಾಗಿದ್ದಾನೆ ಎಂದು ಊರಿನಿಂದ ಫೋನ್ ಬಂತು. ಎದ್ದು ಬಿದ್ದು ಬಸ್ ಹಿಡಿದೆ. ಮರುದಿನ ಕೊರ್ಲಹಳ್ಳಿಯ ಹೊಳೆ ದಂಡೆಯ ಮೇಲೆ ಸಿಕ್ಕ, ತುಂಗಭದ್ರೆಯ ನೀರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಕೂತಿದ್ದ, ಕಿವಿಗೆ ಎರಡೂ ಕೈ ಒತ್ತಿಕೊಂಡು. ನೀರಿನ ಸದ್ದಿನಲ್ಲಿ ಉಳಿದ ದನಿಗಳು ಕೇಳುವುದಿಲ್ಲ ಎಂದು ಅಲ್ಲಿಗೆ ಬಂದಿದ್ದನಂತೆ. ಮನೆಗೆ ಕರೆತಂದು ಗುಳಿಗೆ ಎಲ್ಲಿ ಎಂದು ಕೇಳಿದೆ. ಅವ್ವ ಅಪ್ಪನ ಮುಖ ನೋಡಿದಳು. ಪತ್ರಿಕೆಯಲ್ಲಿ ಬಂದ ದಿನದಿಂದಲೇ ಗುಳಿಗೆ ನಿಲ್ಲಿಸಿ, ಶಿರಹಟ್ಟಿಯ ಸಂತೆಯಿಂದ ಬೇರು ತಂದು ಕುದಿಸಿ ಕೊಡುತ್ತಿದ್ದರು. ನಾನು ಅತ್ತೆ, ಕೂಗಾಡಿದೆ. ಅಪ್ಪ ಕೇಳಲಿಲ್ಲ. ಮಾವನ ಮಗ, ಓಣಿಯವರು, ಎಲ್ಲರೂ ಅಪ್ಪನ ಕಡೆಗೇ. ಬೇರಿನ ಗುಣ ಹಿಡಿಯಲು ಸ್ವಲ್ಪ ದಿನ ಬೇಕು ಎಂದರು.

ಮೇಡಂಗೆ ಫೋನ್ ಮಾಡಿ ಹೇಳಿದೆ. ಅವರು ಶಿರಹಟ್ಟಿಯಿಂದ ನಿಮ್ಮೂರಿಗೆ ಬಸ್ ಎಷ್ಟೊತ್ತಿಗಿದೆ ಎಂದಷ್ಟೇ ಕೇಳಿದರು. ಮಧ್ಯಾಹ್ನ ಊಟದ ಹೊತ್ತಿಗೆ ನಮ್ಮ ಬಾಗಿಲಲ್ಲಿದ್ದರು.

ಅಪ್ಪ ಗೌರವದಿಂದಲೇ ಕೂರಿಸಿದ. ಆದರೆ ಅವನ ದನಿಯಲ್ಲಿ ನೋವಿತ್ತು. ‘ಮೇಡಂ, ಪೇಪರಿನ್ಯಾಗ ನಮ್ಮ ಮಗಳ ಫೋಟೋ ಬಂದೈತ್ರಿ. ನಾ ಯಾರನ್ನ ನಂಬಲಿ?’

‘ಫೋಟೋ ಖರೆ ಐತ್ರಿ. ಅದರ ಕೆಳಗ ಬರದದ್ದು ಸುಳ್ಳು.’

ಮೀಸೆಯ ಕತೆಯನ್ನು ಅವರು ಅಪ್ಪನಿಗೆ ಪೂರಾ ಹೇಳಿದರು, ಒಂದೂ ಇಂಗ್ಲಿಷ್ ಶಬ್ದ ಇಲ್ಲದೆ. ಅಪ್ಪ ದನ ಸಾಕಿದವನು, ತಿಳಿಯಿತು. ತಿಳಿದ ಮೇಲೆ ಅವನಿಗೆ ಇನ್ನೊಂದು ಅಂಜಿಕೆ ಹುಟ್ಟಿತು. ಪ್ರಯೋಗ ತಪ್ಪು ಎಂದು ನೀವೇ ಹೇಳಿದರೆ ನಮ್ಮ ಹುಡುಗಿಯ ಡಿಗ್ರಿಯ ಗತಿ ಏನು ಎಂದು ಕೇಳಿದ.

‘ಡಿಗ್ರಿ ತಡಾ ಆಗ್ತತಿ. ಆಗ್ಲಿ. ಇವರ ಗುಳಗಿ ತಡಾ ಆಗಬಾರದು,’ ಎಂದರು ಮೇಡಂ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ನಾನೂ ಹೂಂ ಅನ್ನುತ್ತಿದ್ದೆ, ಆದರೂ ಆವತ್ತು ಅವರ ಮೇಲೆ ಸ್ವಲ್ಪ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕೊಟ್ಟಿಗೆಯ ಹಿಂದೆ ಹೋದರು. ಕಾಕಾನ ಮುಖ ನೋಡಲಿಲ್ಲ, ಹೆಸರು ಕೇಳಲಿಲ್ಲ. ದೂರದಲ್ಲಿ ಒಂದು ಕಲ್ಲಿನ ಮೇಲೆ ಓರೆಯಾಗಿ ಕೂತು ಎಮ್ಮೆ ನೋಡುತ್ತಿದ್ದರು. ನಾನು ಬಾಗಿಲಲ್ಲಿ ನಿಂತು ನಿಂತು ಕಾಲು ನೋಯಿಸಿಕೊಂಡೆ. ಕಡೆಗೆ ಕಾಕಾನೇ ಬಾಯಿ ಬಿಟ್ಟ, ಕೈಯಲ್ಲಿ ಬಳೆ ಯಾಕಿಲ್ಲ ಎಂದು ಕೇಳಿದ.

‘ಸಪ್ಪಳಕ್ಕ ನಮ್ಮ ಇಲಿಗೋಳು ಅಂಜತಾವ್ರಿ.’

ಕಾಕಾ ತಲೆ ಅಲ್ಲಾಡಿಸಿದ. ‘ನನಗೂ ಸಪ್ಪಳ ಭಾಳ ಆಗೇತ್ರಿ ಅಕ್ಕಾರ.’

‘ಗುಳಗಿ ತಗೊಂಡಾಗ ಕಡಿಮಿ ಇತ್ತೇನ್ರಿ?’

‘ಕಡಿಮಿ ಇತ್ತು,’ ಎಂದ. ಅಪ್ಪ ನನ್ನ ಹಿಂದೆ ನಿಂತು ಕೇಳಿಸಿಕೊಂಡ. ಇಷ್ಟು ದಿನ ನಾವು ಯಾರೂ ಕಾಕಾನನ್ನು ಇದನ್ನು ಕೇಳಿರಲಿಲ್ಲ. ಮರುದಿನ ಬೆಳಗಿನ ಬಸ್ಸಿಗೆ ಅಪ್ಪನೇ ಅವನನ್ನು ಧಾರವಾಡಕ್ಕೆ ಕರೆದುಕೊಂಡು ಹೋದ.

ಮೇಡಂ ಅಲ್ಲಿಗೆ ಸುಮ್ಮನಾಗಲಿಲ್ಲ. ಮುಂದಿನ ಸಂತೆಯ ದಿನ ಶಿರಹಟ್ಟಿಗೆ ಬಂದು ಬೇರು ಮಾರುವ ಮುದುಕಿಯ ಪಕ್ಕದಲ್ಲೇ ನಿಂತರು. ಆ ಮುದುಕಿ ಪತ್ರಿಕೆಯ ತುಂಡನ್ನು ರಟ್ಟಿಗೆ ಅಂಟಿಸಿ ಇಟ್ಟುಕೊಂಡಿದ್ದಳು, ಅದರಲ್ಲಿ ನಾನು ಹಲ್ಲು ಕಿರಿದು ನಿಂತಿದ್ದೆ. ಕೊಳ್ಳಲು ಬಂದವರಿಗೆಲ್ಲ ಮೇಡಂ, ಇದು ತಪ್ಪು ಸುದ್ದಿ, ಪ್ರಯೋಗ ಮಾಡಿಸಿದವಳು ನಾನೇ, ಡಾಕ್ಟರ ಗುಳಿಗೆ ಬಿಡಬೇಡಿ ಎಂದು ಹೇಳತೊಡಗಿದರು. ಮುದುಕಿ ರೇಗಿದಳು. ನಿಮ್ಮ ಕಾಲೇಜಿನವರೇ ಹೌದೆನ್ನುತ್ತೀರಿ, ನೀವೇ ಅಲ್ಲವೆನ್ನುತ್ತೀರಿ, ನಡುವೆ ನನ್ನ ಹೊಟ್ಟೆ ಮೇಲೆ ಯಾಕೆ ಹೊಡೆಯುತ್ತೀರಿ ಎಂದಳು. ಮಾತಿನಲ್ಲಿ ನ್ಯಾಯವಿತ್ತು, ಮೇಡಂ ಒಪ್ಪಿದರು. ಮೊದಲು ಯಾವ ಬೇನೆಗೆ ಮಾರುತ್ತಿದ್ದಿರೋ ಅದಕ್ಕೆ ಮಾರಿ, ಈ ರಟ್ಟು ಮಾತ್ರ ತೆಗೆಯಿರಿ ಎಂದು ಬಿಸಿಲಿನಲ್ಲಿ ಅಲ್ಲೇ ಕೂತರು. ಸಂತೆ ಚದುರುವ ಹೊತ್ತಿಗೆ ಮುದುಕಿ ಬೇಸತ್ತು ರಟ್ಟನ್ನು ಮಡಚಿ ಬುಡಕ್ಕೆ ಹಾಕಿಕೊಂಡು ಕೂತಳು. ಲಕ್ಷ್ಮೇಶ್ವರ, ಮುಂಡರಗಿಯ ಸಂತೆಗಳಿಗೂ ಹೋದರು. ಪ್ರೊಫೆಸರು ಸಂತೆಯಲ್ಲಿ ನಿಂತು ಕೂಗುತ್ತಾರೆಂದು ಕಾಲೇಜಿನವರೆಲ್ಲ ಮೂಗು ಮುರಿದರು.

ಅಧ್ಯಕ್ಷರು ಪ್ರಾಣಿಶಾಲೆಯ ಜವಾಬ್ದಾರಿ ಕಸಿದು ಇನ್ನೊಬ್ಬರಿಗೆ ಕೊಟ್ಟರು. ಕೀಲಿ ಅವರ ಹತ್ತಿರ ಇರಲಿ, ಇಲಿಗಳು ನನ್ನ ಕೈ ಗುರುತು ಹಿಡಿಯುತ್ತವೆ ಎಂದು ಮೇಡಂ ದಿನಾ ಅಪ್ಪಣೆ ಕೇಳಿಯೇ ಒಳಗೆ ಹೋಗುತ್ತಿದ್ದರು. ನನ್ನ ಪ್ರಯೋಗವನ್ನು ಮೊದಲಿಂದ ಮಾಡಿಸಿದರು. ಈ ಸಲ ಪ್ರತಿ ಪಂಜರದಲ್ಲೂ ಎಲ್ಲ ಗುಂಪಿನ ಇಲಿಗಳನ್ನು ಬೆರೆಸಿ, ಪ್ರತಿಯೊಂದರ ಮೀಸೆ ನೋಡಿ. ಬೇರಿನಿಂದ ಏನೂ ಆಗಲಿಲ್ಲ. ನನ್ನ ಜೊತೆಯವರು ಕೆಲಸಕ್ಕೆ ಸೇರಿದ ಎಷ್ಟೋ ದಿನಗಳ ಮೇಲೆ ನನಗೆ ಡಿಗ್ರಿ ಸಿಕ್ಕಿತು. ನನ್ನ ಥೀಸಿಸ್ಸಿನ ಕಡೆಯ ಪುಟದಲ್ಲಿ ಪರಿಣಾಮ ಕಾಣಲಿಲ್ಲ ಎಂದು ಬರೆದಿದೆ. ಅದನ್ನು ಯಾರಾದರೂ ಹಂಗಿಸಿದರೆ ಈಗಲೂ ಜಗಳಕ್ಕೆ ನಿಲ್ಲುತ್ತೇನೆ.

ಹೋದ ವರ್ಷ ಮೇಡಂಗೆ ಕಾಮಾಲೆಯಾಯಿತು. ನೆಂಟರೊಬ್ಬರು ಯಾವುದೋ ಬೇರು ತಂದು ಇದರಿಂದ ಗ್ಯಾರಂಟಿ ಗುಣ ಎಂದರೆ, ಆಸ್ಪತ್ರೆಯ ಹಾಸಿಗೆಯಲ್ಲಿ ಹಳದಿ ಕಣ್ಣು ತೆರೆದು, ಎಷ್ಟು ಮಂದಿಗೆ ಕೊಟ್ಟು ನೋಡಿದ್ದೀರಿ ಎಂದು ಕೇಳಿದರಂತೆ. ಲಿವರ್ ಮೊದಲೇ ಹಾಳಾಗಿತ್ತು. ಉಳಿಯಲಿಲ್ಲ. ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ತಲೆಯಿಟ್ಟು ಅವರ ಗಂಡ ಅತ್ತರು.

ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ ಇಟ್ಟರು. ಅಷ್ಟರಲ್ಲಿ ನಾನು ಅಲ್ಲೇ ಕೆಲಸಕ್ಕೆ ಸೇರಿದ್ದೆ, ಇನ್ನೂ ಕಾಯಂ ಆಗಿರಲಿಲ್ಲ. ಕಾಕಾ ತಾನೂ ಬರುತ್ತೇನೆಂದು ಹಟ ಹಿಡಿದ. ಮಂದಿ ಬಹಳ ಇರುತ್ತಾರೆ ಎಂದೆ, ಇರಲಿ ಎಂದ. ನನ್ನ ಪಕ್ಕದ ಕುರ್ಚಿಯಲ್ಲಿ ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕೂತಿದ್ದ. ಅಧ್ಯಕ್ಷರು ಮೈಕಿನ ಮುಂದೆ ನಿಂತು ಕಣ್ಣೊರೆಸಿಕೊಂಡು, ಮನೋರೋಗಕ್ಕೆ ನಮ್ಮ ಕಪ್ಪತಗುಡ್ಡದಲ್ಲೇ ಮದ್ದು ಕಂಡುಹಿಡಿದ ಮಹಾತಾಯಿ ಇವರು, ಇವರ ಹೆಸರಿನಲ್ಲಿ ಆ ಬೇರಿನ ಔಷಧವನ್ನು ಸಂಸ್ಥೆಯೇ ತಯಾರಿಸಿ ಮನೆಮನೆಗೆ ಮುಟ್ಟಿಸುತ್ತದೆ ಎಂದರು. ಸಭೆ ಚಪ್ಪಾಳೆ ತಟ್ಟಿತು. ಪ್ರಾಂಶುಪಾಲರು ನೆಲ ನೋಡುತ್ತಿದ್ದರು. ನನ್ನ ಮೈ ಉರಿಯುತ್ತಿತ್ತು, ಆದರೆ ಕಾಯಂ ಆಗದ ಕೆಲಸ ಕಾಲು ಹಿಡಿದುಕೊಂಡಿತ್ತು.

ಪಕ್ಕದ ಕುರ್ಚಿ ಕಿರ್ರೆಂದಿತು. ಕಾಕಾ ಎದ್ದು ನಿಂತಿದ್ದ.

‘ಸಾಹೇಬ್ರ, ಸತ್ತವರ ಹೆಸರಿಲೆ ಸುಳ್ಳ ಹೇಳಬ್ಯಾಡ್ರಿ,’ ಎಂದ. ‘ಆ ಬೇರು ತಿಂದಾವ ನಾನು. ತಿಂದು ಹೊಳಿ ದಂಡಿಗೆ ಹೋಗಿ ಕುಂತಿದ್ದೆ. ಆ ಅಕ್ಕಾರು ನಮ್ಮ ಮನಿತನಕ ಬಂದು ಬೇರು ಸುಳ್ಳು, ಗುಳಗಿ ತಗೋರಿ ಅಂದ್ರು. ಅದಕ್ಕ ಇವತ್ತ ಇಷ್ಟ ಮಂದಿ ನಡುವ ನಿಂತೀನ್ರಿ.’

ಅಧ್ಯಕ್ಷರು ಮೈಕಿನಿಂದಲೇ ಕೇಳಿದರು, ಯಾರು ಈ ಮನುಷ್ಯ, ಯಾರು ಕರೆದುಕೊಂಡು ಬಂದದ್ದು. ಇಡೀ ಸಭೆ ತಿರುಗಿ ಅವನನ್ನೇ ನೋಡುತ್ತಿತ್ತು. ಕಾಕಾನ ಕೈಗಳು ಕಿವಿ ಮುಚ್ಚಿಕೊಳ್ಳಲು ಮೇಲೆ ಬಂದು ಮತ್ತೆ ಕೆಳಗಿಳಿದವು. ಆದರೂ ಕೂರಲಿಲ್ಲ.

ನಾನು ಎದ್ದೆ.

‘ಇವರು ನಮ್ಮ ಕಾಕಾ,’ ಎಂದೆ. ‘ಆ ಪ್ರಯೋಗ ಮಾಡಿದಾಕಿ ನಾನು. ಬೇರಿನಿಂದ ಏನೂ ಆಗಿಲ್ಲ.’